ಮೊದಲ ಬೀಗದ ಕೀಲಿ ಕೊಂಡವರ ಕೈಗೆ ಬರಲಿ

ಬೆಂಗಳೂರಿನ ಕಂಪನಿಗಳು ನಾಲ್ಕೈದು ವರ್ಷ ದುಡಿಸಿಕೊಂಡು ಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಬರುತ್ತವೆ. ಅಲ್ಲಿಂದ ಬೇಕರಿಯಲ್ಲೋ ಹೋಟೆಲಿನಲ್ಲೋ ದುಡಿಯುವ ಅಣ್ಣನ ಬ್ಯಾಗಿನೊಳಗೆ ಕೂತು ರಾತ್ರಿ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದಿಳಿಯುತ್ತವೆ. ನಮ್ಮ ಗುಲ್ವಾಡಿ, ಮಾವಿನಕಟ್ಟೆ, ಸೌಕೂರು ಕಡೆ ಡಿಗ್ರಿ ಓದುವ ಮಕ್ಕಳಿರುವ ಎಷ್ಟೋ ಮನೆಗಳಿಗೆ ಬಂದ ಮೊದಲ ಕಂಪ್ಯೂಟರ್ ಇಂಥದ್ದೇ. ನಾನು ಇವನ್ನು ರಿಪೇರಿ ಮಾಡಿ ಬದುಕುವವನು. ರೇಡಿಯೋ, ಟೇಪ್‌ರೆಕಾರ್ಡರ್‌ನಿಂದ ಶುರು ಮಾಡಿ ಟಿ.ವಿ.ಗೆ ಬಂದು, ಟಿ.ವಿ. ರಿಪೇರಿ ಕಡಿಮೆಯಾದ ಮೇಲೆ ಲ್ಯಾಪ್‌ಟಾಪ್‌ಗೆ ಕೈ ಹಾಕಿದೆ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದರ ಈಚಿನದೋ ಆಗಿರಬೇಕು. ಹಳ್ಳಿಗೆ ಬರುವ ಹಳೆ ಯಂತ್ರಗಳಲ್ಲಿ ಬಹಳಷ್ಟು ಈ ಗೆರೆಯ ಆಚೆ ಉಳಿದವು. "ಹ್ವಾಯ್, ಇದ್ ಇನ್ ಆತ್ತಿಲ್ಯಾ? ಗುಜ್ರಿಗ್ ಹಾಕುದಾ?" ಎಂದು ಕೇಳಿಕೊಂಡು ಬರುವವರಿಗೆ ನಾನು ಕೊಡುವ ಉತ್ತರ ಒಂದೇ: ಹಾಕಬೇಡಿ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಫ್ಯಾನಿನ ಧೂಳು ಕೊಡವಿ, ಪ್ರೊಸೆಸರ್‌ಗೆ ಹೊಸ ಪೇಸ್ಟ್ ಹಚ್ಚಿ, ಡೆಬಿಯನ್ ಅಥವಾ ಲಿನಕ್ಸ್ ಮಿಂಟ್ ಕೂರಿಸಿದರೆ ಅದು ಇನ್ನೂ ಹಲವು ವರ್ಷ ದುಡಿಯುತ್ತದೆ. ಇಷ್ಟು ಈಗ ಬಹಳ ಜನರಿಗೆ ಗೊತ್ತು. ನಾನು ಹೇಳಹೊರಟಿರುವುದು ಇದಕ್ಕಿಂತ ಒಂದು ಪದರ ಕೆಳಗಿನ ಸಂಗತಿ.

ಪವರ್ ಬಟನ್ ಒತ್ತಿದಾಗ ಮೊದಲು ಓಡುವುದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ಮದರ್‌ಬೋರ್ಡಿನ ಮೇಲೆ ಉಗುರಿನಷ್ಟು ಅಗಲದ ಒಂದು ಚಿಪ್ ಇರುತ್ತದೆ. ಹಳೆ ಯಂತ್ರಗಳಲ್ಲಿ ಅದರಲ್ಲಿ 4 ಅಥವಾ 8 ಮೆಗಾಬೈಟ್ ಜಾಗ. ಅದರೊಳಗಿನ ಪ್ರೋಗ್ರಾಮು ರ್‍ಯಾಮ್ ಎಬ್ಬಿಸುತ್ತದೆ, ಪರದೆ ಬೆಳಗಿಸುತ್ತದೆ, ಕೀಲಿಮಣೆ ಗುರುತಿಸುತ್ತದೆ, ಆಮೇಲೆ ಡಿಸ್ಕ್ ಹುಡುಕಿ ಯಜಮಾನಿಕೆಯನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುತ್ತದೆ. ಫರ್ಮ್‌ವೇರ್ ಎಂದರೆ ಇದೇ. ಬಯೋಸ್ ಎನ್ನುತ್ತಿದ್ದುದು ಇದಕ್ಕೇ, ಈಗಿನವು ಯುಇಎಫ್‌ಐ. ಮೇಲೆ ಎಷ್ಟೇ ಮುಕ್ತ ತಂತ್ರಾಂಶ ಹಾಕಿದರೂ ಈ ಮೊದಲ ಪ್ರೋಗ್ರಾಮು ಕಂಪನಿಯದ್ದೇ. ಒಳಗೆ ಏನು ಬರೆದಿದ್ದಾರೆಂದು ನಮಗೆ ಓದಲು ಬರುವುದಿಲ್ಲ, ತಪ್ಪಿದ್ದರೆ ತಿದ್ದಲು ಬರುವುದಿಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿದ ದಿನ ಅದು ಹೇಗಿತ್ತೋ ಮುಂದೆಯೂ ಹಾಗೇ.

ಇದನ್ನು ಬದಲಿಸಲು ಸಾಧ್ಯವಿದೆ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ರಾನ್ ಮಿನ್ನಿಕ್ ಎಂಬವರು ನೂರಾರು ಕಂಪ್ಯೂಟರ್‌ಗಳನ್ನು ಒಟ್ಟಿಗೆ ಕಟ್ಟುವ ಕೆಲಸದಲ್ಲಿದ್ದರು. ಒಂದೊಂದು ಯಂತ್ರದ ಬಯೋಸೂ ಕೀಲಿಮಣೆ ಇಲ್ಲ ಎಂದು ನಿಂತುಬಿಟ್ಟರೆ ಯಾರು ಹೋಗಿ ಗುಂಡಿ ಒತ್ತುವುದು? ಆ ಬಯೋಸನ್ನೇ ತೆಗೆದು ಅಲ್ಲಿ ಲಿನಕ್ಸ್ ಕೂರಿಸುವ ಯೋಚನೆ ಹುಟ್ಟಿತು. ಅದಕ್ಕೆ ಲಿನಕ್ಸ್‌ಬಯೋಸ್ ಎಂದು ಹೆಸರಾಯಿತು, 2008ರಲ್ಲಿ ಕೋರ್‌ಬೂಟ್ ಆಯಿತು. ಅದನ್ನೇ ಆಧಾರವಾಗಿಟ್ಟುಕೊಂಡು 2013ರ ಕೊನೆಯಲ್ಲಿ ಲೀಯಾ ರೋ ಲಿಬ್ರೆಬೂಟ್ ಶುರು ಮಾಡಿದರು. ಸಾಮಾನ್ಯ ಬಳಕೆದಾರ ನೇರವಾಗಿ ಚಿಪ್‌ಗೆ ಬರೆಯಬಹುದಾದ ಸಿದ್ಧ ರೂಪ ಅದು. ಗೂಗಲ್‌ನ ಕ್ರೋಮ್‌ಬುಕ್‌ಗಳು ಕಾರ್ಖಾನೆಯಿಂದಲೇ ಕೋರ್‌ಬೂಟ್ ಹೊತ್ತು ಬರುತ್ತವೆ. ಅದರ ಕೋಡ್ ಬರೆಯುವವರಲ್ಲಿ ಬೆಂಗಳೂರಿನ ಇಂಟೆಲ್, ಗೂಗಲ್ ಕಚೇರಿಗಳ ಇಂಜಿನಿಯರ್‌ಗಳೂ ಇದ್ದಾರೆ. ಅಂದಮೇಲೆ ಇದನ್ನು ಪರದೇಶದ ಹವ್ಯಾಸಿಗಳ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ಚಿಪ್ಪಿಗೆ ಬರೆಯುವುದು" ಎಂದ ಕೂಡಲೇ ಜನ ಹೆದರುತ್ತಾರೆ. ನಮ್ಮ ಊರಿನ ಒಬ್ಬ ಬಿ.ಎ. ವಿದ್ಯಾರ್ಥಿನಿಯ ಥಿಂಕ್‌ಪ್ಯಾಡ್ ಎಕ್ಸ್200 ಲಿಬ್ರೆಬೂಟ್ ಬರೆಸಿಕೊಳ್ಳಲು ನನ್ನ ಮೇಜಿನ ಮೇಲಿತ್ತು. 2008ರ ಮಾದರಿ, ಕೋರ್ 2 ಡ್ಯುಯೋ ಪ್ರೊಸೆಸರ್, 8 ಜಿಬಿವರೆಗೆ ರ್‍ಯಾಮ್ ಹಿಡಿಸುತ್ತದೆ. ಬ್ಯಾಟರಿ ತೆಗೆದು, ಚಾರ್ಜರ್ ಬಿಡಿಸಿ, ತಳದ ಸ್ಕ್ರೂಗಳನ್ನು ಕಳಚಿದರೆ ಕೀಲಿಮಣೆ ಮುಂದಕ್ಕೆ ಜಾರಿ ಮೇಲೆ ಬರುತ್ತದೆ. ಅದರ ಬೆನ್ನಿಗೆ ಕೈ ಊರುವ ಫಲಕವೂ ಬಿಡುತ್ತದೆ. ಚಿಪ್ ಅದರಡಿಯಲ್ಲೇ. ಕೆಲವು ಎಕ್ಸ್200ರಲ್ಲಿ ಎಂಟು ಕಾಲಿನ ಚಿಪ್, ಇನ್ನು ಕೆಲವುಗಳಲ್ಲಿ ಹದಿನಾರು ಕಾಲಿನದು. ಅದರ ಮೇಲಿನ ಅಕ್ಷರ ಓದಲು ಭೂತಗನ್ನಡಿಯೂ ಓರೆಯಾಗಿ ಹಿಡಿದ ಟಾರ್ಚೂ ಬೇಕು. ಮೂಲೆಯಲ್ಲಿ ಒಂದು ಚುಕ್ಕೆ ಇರುತ್ತದೆ, ಅದೇ ಒಂದನೇ ಕಾಲು. ಆ ಚುಕ್ಕೆ ಕಾಣುವವರೆಗೆ ಏನನ್ನೂ ಸಿಕ್ಕಿಸಬಾರದು.

ಚಿಪ್ಪಿನ ಕಾಲುಗಳನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವ ಕ್ಲಿಪ್ ಸಿಗುತ್ತದೆ. ಅದರ ತಂತಿಗಳು ರಾಸ್ಪ್‌ಬೆರಿ ಪೈ ಪಿಕೋ ಎಂಬ ಚಿಕ್ಕ ಬೋರ್ಡಿಗೆ, ಬೋರ್ಡಿನಿಂದ ಯುಎಸ್‌ಬಿ ಮೂಲಕ ಇನ್ನೊಂದು ಕಂಪ್ಯೂಟರಿಗೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕಪ್ಪು ಸಿಎಚ್ 341ಎ ಪ್ರೋಗ್ರಾಮರನ್ನು ನಾನು ಒಪ್ಪುವುದಿಲ್ಲ. ಚಿಪ್ 3.3 ವೋಲ್ಟಿನದು, ಆ ಬೋರ್ಡು ಡೇಟಾ ತಂತಿಗಳ ಮೇಲೆ 5 ವೋಲ್ಟ್ ಬಿಡುತ್ತದೆ. ತಿದ್ದಿ ಬಳಸುವವರಿದ್ದಾರೆ, ಆದರೆ ಬಡವರ ಮನೆಯ ಒಂದೇ ಒಂದು ಕಂಪ್ಯೂಟರಿನ ಮೇಲೆ ಆ ಪ್ರಯೋಗ ಬೇಡ.

ಮೊದಲ ಕೆಲಸ ಬರೆಯುವುದಲ್ಲ, ಓದುವುದು. ಫ್ಲ್ಯಾಶ್‌ರೋಮ್ ಎಂಬ ಪ್ರೋಗ್ರಾಮಿನಿಂದ ಚಿಪ್ಪಿನಲ್ಲಿ ಇರುವುದನ್ನೆಲ್ಲ ಓದಿ ಫೈಲ್ ಮಾಡಿಕೊಳ್ಳಬೇಕು. ಕ್ಲಿಪ್ ತೆಗೆಯದೆ ಮತ್ತೊಮ್ಮೆ ಓದಿ, ಎರಡು ಫೈಲ್‌ಗಳ ಚೆಕ್‌ಸಮ್ ತಾಳೆ ನೋಡಬೇಕು. ಒಂದಕ್ಷರ ಹೆಚ್ಚುಕಮ್ಮಿಯಾದರೂ ಕ್ಲಿಪ್ ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ತಾಳೆಯಾದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಯಂತ್ರದ ಒಡೆಯರಿಗೇ ಕೊಡುತ್ತೇನೆ. ಯಾವತ್ತಾದರೂ ಹಳೆಯದೇ ಬೇಕೆನಿಸಿದರೆ ಅದನ್ನೇ ತಿರುಗಿ ಬರೆಯಬಹುದು. ಇನ್ನೊಂದು ಸೂಕ್ಷ್ಮವಿದೆ: ನೆಟ್‌ವರ್ಕ್ ಪೋರ್ಟಿನ ಮ್ಯಾಕ್ ವಿಳಾಸ ಇದೇ ಚಿಪ್ಪಿನಲ್ಲಿ ಇರುತ್ತದೆ. ಲಿಬ್ರೆಬೂಟ್ ಫೈಲಿನಲ್ಲಿ ಆ ಜಾಗಕ್ಕೆ ಆ ಯಂತ್ರದ ಸ್ವಂತ ವಿಳಾಸವನ್ನು ತುಂಬಿಸಿಯೇ ಬರೆಯಬೇಕು. ಇಲ್ಲದಿದ್ದರೆ ಒಂದೇ ವಿಳಾಸದ ಎರಡು ಯಂತ್ರಗಳು ಒಂದು ಲ್ಯಾಬಿನಲ್ಲಿ ಸೇರಿದಾಗ ಜಗಳ ಶುರುವಾಗುತ್ತದೆ.

ಬರೆಯುವಾಗ ಕರೆಂಟ್ ಹೋಗಬಾರದು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ಯಾವ ಹೊತ್ತಿಗೆ ಯಾವ ತಂತಿಯ ಮೇಲೆ ಯಾವ ಮರ ಬೀಳುತ್ತದೋ ಹೇಳಲಾಗದು. ಹಾಗಾಗಿ ಬರೆಯುವ ಕಂಪ್ಯೂಟರ್ ಬ್ಯಾಟರಿ ತುಂಬಿದ ಲ್ಯಾಪ್‌ಟಾಪೇ ಆಗಿರಬೇಕು. ಬರೆದು ಮುಗಿದ ಮೇಲೆ ಫ್ಲ್ಯಾಶ್‌ರೋಮ್ ತಾನೇ ಮತ್ತೊಮ್ಮೆ ಓದಿ ಹೋಲಿಸಿ ನೋಡಿ 'ವೆರಿಫೈಡ್' ಎನ್ನುತ್ತದೆ. ಆ ಮಾತು ಪರದೆಯ ಮೇಲೆ ಬರುವವರೆಗೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ, ಫೋನೂ ಎತ್ತುವುದಿಲ್ಲ.

ಆ ಹುಡುಗಿ ಈಗ ಅದರ ಮೇಲೆ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಕುರಿತು ಕಾಲೇಜಿನ ಪ್ರಬಂಧ ಟೈಪ್ ಮಾಡುತ್ತಿದ್ದಾಳೆ. 1899ರ ಕಾದಂಬರಿ, ತನ್ನದೇ ಊರಿನ ಹೆಸರು ಹೊತ್ತ ಲೇಖಕ. ಅವಳಿಗೆ ಅದೊಂದು ಹೆಮ್ಮೆ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ 'ಕನ್ನಡ, ಕಗಪ' ಎಂಬ ವಿನ್ಯಾಸ ಸಿದ್ಧವಾಗಿಯೇ ಇದೆ, ಹೊರಗಿನಿಂದ ಏನನ್ನೂ ಹಾಕಬೇಕಿಲ್ಲ. ಆ ವಿನ್ಯಾಸದ ಮೂಲಪುರುಷರು ನಮ್ಮ ಕರಾವಳಿಯವರೇ ಆದ ಕೆ.ಪಿ. ರಾವ್, ಕಿನ್ನಿಕಂಬಳ ಪದ್ಮನಾಭ ರಾವ್. ತಾವು ಮಾಡಿದ್ದನ್ನು ಅವರು ಬೀಗ ಹಾಕಿ ಇಟ್ಟುಕೊಂಡಿದ್ದರೆ ಇವತ್ತು ಕನ್ನಡ ಟೈಪ್ ಮಾಡುವ ಲಕ್ಷಾಂತರ ಬೆರಳುಗಳಿಗೆ ಆ ದಾರಿ ತೆರೆಯುತ್ತಿರಲಿಲ್ಲ.

"ಲಿನಕ್ಸ್ ಹೇಗೂ ಓಡುತ್ತದಲ್ಲ, ಎಂತಕ್ಕೆ ಸುಮ್ನೆ ಈ ತೊಂದ್ರಿ?" ಎಂದು ನನ್ನ ಕಸುಬಿನವರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಣ್ಣ ಕಾರಣದಿಂದಲೇ ಶುರು ಮಾಡುತ್ತೇನೆ. ಕೆಲವು ಲ್ಯಾಪ್‌ಟಾಪ್‌ಗಳ ಬಯೋಸಿನೊಳಗೆ ಒಂದು ಪಟ್ಟಿ ಅಡಗಿರುತ್ತದೆ. ಆ ಪಟ್ಟಿಯಲ್ಲಿರುವ ವೈಫೈ ಕಾರ್ಡ್ ಬಿಟ್ಟು ಬೇರೆ ಹಾಕಿದರೆ ಯಂತ್ರ ಏಳುವುದೇ ಇಲ್ಲ, 'ಅನಧಿಕೃತ ಕಾರ್ಡ್' ಎಂದು ನಿಂತುಬಿಡುತ್ತದೆ. ಮಿಂಚು ಗುಡುಗಿಗೆ ವೈಫೈ ಕಾರ್ಡ್ ಸುಟ್ಟುಹೋದ ಯಂತ್ರಕ್ಕೆ ಕೆಲವೇ ನೂರು ರೂಪಾಯಿಯ ಹಳೆ ಅಥೆರಾಸ್ ಕಾರ್ಡ್ ಹಾಕಿದರೆ ಸಾಕು, ಅದು ಮುಕ್ತ ಡ್ರೈವರ್‌ನಲ್ಲೇ ಚೆನ್ನಾಗಿ ಓಡುತ್ತದೆ. ಆದರೆ ಹಾಕಲು ಬಿಡುವುದಿಲ್ಲ. ದುಡ್ಡು ಕೊಟ್ಟು ಕೊಂಡ ಯಂತ್ರದೊಳಗೆ ಯಾವ ಬಿಡಿಭಾಗ ಕೂರಬೇಕೆಂದು ಮಾರಿದವರು ತೀರ್ಮಾನಿಸುವುದು ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಕೋರ್‌ಬೂಟ್‌ನಲ್ಲಿ ಅಂಥ ಪಟ್ಟಿಯೇ ಇಲ್ಲ.

ದೊಡ್ಡ ಕಾರಣ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್. 2006ರ ಸುಮಾರಿನಿಂದ ಇಂಟೆಲ್ ಚಿಪ್‌ಸೆಟ್‌ಗಳೊಳಗೆ ಮುಖ್ಯ ಪ್ರೊಸೆಸರಿನಿಂದ ಬೇರೆಯಾದ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರ ಪ್ರೋಗ್ರಾಮೂ ಇದೇ ಚಿಪ್ಪಿನಲ್ಲಿ. ಲ್ಯಾಪ್‌ಟಾಪ್ ಆಫ್ ಮಾಡಿದಾಗಲೂ ವಿದ್ಯುತ್ ಇದ್ದರೆ ಅದು ಎಚ್ಚರ ಇರಬಲ್ಲದು. ದೊಡ್ಡ ಕಚೇರಿಗಳು ದೂರದಿಂದಲೇ ಯಂತ್ರಗಳನ್ನು ನಿಭಾಯಿಸಲೆಂದು ಮಾಡಿದ ವ್ಯವಸ್ಥೆ. 2017ರ ಮೇ ತಿಂಗಳಲ್ಲಿ ಅದರ ಎಎಂಟಿ ಎಂಬ ಭಾಗದಲ್ಲಿ ಒಂದು ದೋಷ ಬಯಲಾಯಿತು. ಎಎಂಟಿ ಚಾಲೂ ಮಾಡಿದ್ದ ಯಂತ್ರಗಳಿಗೆ ಪಾಸ್‌ವರ್ಡಿನ ಜಾಗದಲ್ಲಿ ಖಾಲಿ ಉತ್ತರ ಕಳಿಸಿದರೂ ಒಳಗೆ ಬಿಡುತ್ತಿದ್ದವು. ಕಂಪನಿಗಳು ಹೊಸ ಯಂತ್ರಗಳಿಗೆ ಮದ್ದು ಕೊಟ್ಟವು, ಹಳೆಯವು ತಮ್ಮ ಪಾಡಿಗೆ ಉಳಿದವು. ಕಚೇರಿಯಲ್ಲಿ ಚಾಲೂ ಇದ್ದದ್ದನ್ನು ಆಫ್ ಮಾಡದೆಯೇ ಮಾರಾಟಕ್ಕೆ ಬಿಟ್ಟ ಯಂತ್ರ ಹಳ್ಳಿ ಮನೆಗೆ ಬಂದರೆ ಕೇಳುವವರು ಯಾರು? ಎಕ್ಸ್200ರ ಕಾಲದ ಯಂತ್ರಗಳಲ್ಲಿ ಈ ಎಂಜಿನ್ನಿನ ಪ್ರೋಗ್ರಾಮನ್ನು ಪೂರ್ತಿ ತೆಗೆದುಹಾಕಬಹುದು, ಲ್ಯಾಪ್‌ಟಾಪ್ ಏನೂ ಆಗದಂತೆ ಓಡುತ್ತದೆ. ಅದರ ಮುಂದಿನ ತಲೆಮಾರಿನಿಂದ ಪೂರ್ತಿ ತೆಗೆದರೆ ಯಂತ್ರ ಅರ್ಧ ಗಂಟೆಗೆ ತಾನಾಗಿ ಆರುತ್ತದೆ. ಅಲ್ಲಿ ಎಂಇ ಕ್ಲೀನರ್ ಎಂಬ ಉಪಕರಣದಿಂದ ಬೂಟ್ ಆಗಲು ಬೇಕಾದಷ್ಟು ಮಾತ್ರ ಉಳಿಸಿ ಮಿಕ್ಕಿದ್ದನ್ನು ಅಳಿಸಬಹುದು.

2023ರ ಡಿಸೆಂಬರಿನಲ್ಲಿ 'ಲೋಗೋಫೇಲ್' ಬಂತು. ಬೂಟ್ ಆಗುವಾಗ ಕಂಪನಿಯ ಲಾಂಛನ ತೋರಿಸುತ್ತದಲ್ಲ, ಆ ಚಿತ್ರ ಓದುವ ಕೋಡಿನಲ್ಲೇ ದೋಷವಿತ್ತು. ಕೆಡುಕಿನ ಚಿತ್ರವೊಂದನ್ನು ಅಲ್ಲಿ ಕೂರಿಸಿದರೆ ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲೇ ಯಂತ್ರ ಇನ್ನೊಬ್ಬರ ವಶ. ಮೂರು ದೊಡ್ಡ ಫರ್ಮ್‌ವೇರ್ ತಯಾರಕರ ಕೋಡು ಇದಕ್ಕೆ ಸಿಕ್ಕಿತು. ಗುಲ್ವಾಡಿಯ ಹುಡುಗಿಯ ಲ್ಯಾಪ್‌ಟಾಪಿಗೆ ಯಾರು ಲಗ್ಗೆ ಹಾಕುತ್ತಾರೆ ಎಂದು ಕೇಳಬೇಡಿ. ಆಧಾರ್ ಜೋಡಣೆ, ವಿದ್ಯಾರ್ಥಿವೇತನದ ಅರ್ಜಿ, ಅಪ್ಪನ ಬ್ಯಾಂಕ್ ಖಾತೆ, ಪಹಣಿ, ಎಲ್ಲ ಅದೇ ಪರದೆಯ ಮೇಲೆ ನಡೆಯುತ್ತದೆ. ಇಡೀ ಮನೆಯ ಜುಟ್ಟು ಅದರೊಳಗಿದೆ.

ನಾನು ಕೆಲಸ ಕಲಿಯುವಾಗ ಎಷ್ಟೋ ರೇಡಿಯೋಗಳ ಹಿಂಬದಿಯ ಹಲಗೆ ಬಿಚ್ಚಿದರೆ ಒಳಮೈಗೆ ಸರ್ಕ್ಯೂಟ್ ಚಿತ್ರ ಅಂಟಿಸಿರುತ್ತಿದ್ದರು. ಯಾವ ರೆಸಿಸ್ಟರ್ ಎಷ್ಟು ಓಮ್, ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಸಿಗಬೇಕು, ಎಲ್ಲ ಅದರಲ್ಲಿತ್ತು. ನನ್ನ ಕಾಲದ ಮೆಕ್ಯಾನಿಕ್‌ಗಳಿಗೆ ಆ ಕಾಗದವೇ ಶಾಲೆ. ಇನ್ನೊಬ್ಬ ಬಿಚ್ಚುತ್ತಾನೆ, ದುರಸ್ತಿ ಮಾಡುತ್ತಾನೆ ಎಂದು ತಯಾರಿಸಿದವರೇ ಒಪ್ಪಿಕೊಂಡು ಕೊಟ್ಟಿದ್ದ ಕಾಗದ ಅದು. ಆ ಒಪ್ಪಂದ ಲ್ಯಾಪ್‌ಟಾಪಿನಲ್ಲಿ ಮುರಿದುಬಿದ್ದಿದೆ.

ಮುರಿದದ್ದು ಎಲ್ಲಿ ಎಂದರೆ ಬೂಟ್ ಗಾರ್ಡ್‌ನಲ್ಲಿ. 2013ರ ಹ್ಯಾಸ್ವೆಲ್ ತಲೆಮಾರಿನಿಂದ ಇಂಟೆಲ್ ಈ ಸೌಲಭ್ಯ ತಂದಿತು. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿ ತನ್ನ ಕೀಲಿಯ ಗುರುತನ್ನು ಚಿಪ್‌ಸೆಟ್ಟಿನೊಳಗಿನ ಫ್ಯೂಸ್‌ಗಳಲ್ಲಿ ಸುಟ್ಟು ಕೂರಿಸುತ್ತದೆ. ಒಮ್ಮೆ ಸುಟ್ಟರೆ ಆಯಿತು, ಅಳಿಸಲಾಗದು. ಆಮೇಲೆ ಆ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಬಿಟ್ಟು ಬೇರೆ ಯಾವುದನ್ನು ಬರೆದರೂ ಯಂತ್ರ ಅದನ್ನು ಓಡಿಸುವುದಿಲ್ಲ. ಥಿಂಕ್‌ಪ್ಯಾಡ್ ಟಿ440ಪಿಯಂಥ ಕೆಲವು ಮಾದರಿಗಳಲ್ಲಿ ಈ ಬೀಗ ಹಾಕಿರಲಿಲ್ಲ, ಅದಕ್ಕೇ ಅವುಗಳ ಮೇಲೆ ಇಂದಿಗೂ ಕೋರ್‌ಬೂಟ್ ಓಡುತ್ತದೆ. ಅದರ ಮುಂದಿನ ಬಿಸಿನೆಸ್ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲಿಗೆ ಬೀಗ ಬಿದ್ದಿದೆ. ಇವತ್ತು ಹೊಸದಾಗಿ ಮಾರಾಟವಾಗುವ ಯಂತ್ರಗಳು ಐದಾರು ವರ್ಷದ ಮೇಲೆ ನಮ್ಮ ಹಳ್ಳಿಗೆ ಬಂದಾಗ ನನ್ನ ಕ್ಲಿಪ್ಪೂ ಪಿಕೋನೂ ಏನೂ ಮಾಡಲಾರವು.

ಇದು ಸುರಕ್ಷತೆಗಾಗಿ ಎಂದು ಹೇಳುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಾವಿಲ್ಲದಾಗ ಯಾರೋ ಬಂದು ಚಿಪ್ಪಿಗೆ ವಿಷ ಬರೆದು ಹೋಗಬಾರದು, ಸರಿ. ಆದರೆ 2023ರಲ್ಲಿ ಏನಾಯಿತು? ಎಂಎಸ್‌ಐ ಕಂಪನಿಯ ಮೇಲೆ ಸೈಬರ್ ದಾಳಿ ನಡೆದು ಬೂಟ್ ಗಾರ್ಡ್ ಸಹಿಯ ಗುಪ್ತ ಕೀಲಿಗಳೇ ಸೋರಿಹೋದವು. ಬೇರೆ ಬೀಗವಾದರೆ ಕೀಲಿ ಕಳೆದ ದಿನ ಬದಲಿಸುತ್ತೇವೆ. ಫ್ಯೂಸಿನಲ್ಲಿ ಸುಟ್ಟದ್ದನ್ನು ಬದಲಿಸುವುದು ಹೇಗೆ? ದುಡ್ಡು ಕೊಟ್ಟವರ ಹತ್ತಿರ ಕೀಲಿ ಇಲ್ಲ, ಕಳ್ಳರ ಹತ್ತಿರ ಇದೆ.

ಇದಕ್ಕೆ ಉತ್ತರ ಆಗಲೇ ಒಬ್ಬರು ಮಾಡಿ ತೋರಿಸಿದ್ದಾರೆ. ಹಳೆಯ ಕ್ರೋಮ್‌ಬುಕ್‌ಗಳ ಮದರ್‌ಬೋರ್ಡಿನಲ್ಲಿ ಒಂದು ವಿಶೇಷ ಸ್ಕ್ರೂ ಇರುತ್ತಿತ್ತು. ಅದು ಬಿಗಿಯಾಗಿ ಕೂತಿರುವವರೆಗೆ ಫರ್ಮ್‌ವೇರಿನ ಮೂಲ ಭಾಗಕ್ಕೆ ಯಾವ ಪ್ರೋಗ್ರಾಮೂ ಬರೆಯಲಾಗದು. ಒಡೆಯ ತಾನೇ ಹಿಂಬದಿ ಬಿಚ್ಚಿ ಆ ಸ್ಕ್ರೂ ತೆಗೆದರೆ ಬರೆಯಬಹುದು. ದೂರದಿಂದ ಬರುವ ದಾಳಿಕೋರನಿಗೆ ಸ್ಕ್ರೂಡ್ರೈವರ್ ಎಟುಕುವುದಿಲ್ಲ, ಮನೆಯಲ್ಲಿ ಕೂತ ಒಡೆಯನಿಗೆ ಎಟುಕುತ್ತದೆ. ಸುರಕ್ಷತೆಯೂ ಉಳಿಯಿತು, ಒಡೆತನವೂ ಉಳಿಯಿತು. ಇಷ್ಟು ಸರಳವಾದದ್ದನ್ನು ಉಳಿದವರು ಮಾಡದಿರುವುದಕ್ಕೆ ತಾಂತ್ರಿಕ ಕಾರಣ ನನಗೆ ಕಾಣುವುದಿಲ್ಲ. ಹಳೆಯದು ಸಾಯದಿದ್ದರೆ ಹೊಸದು ಮಾರಾಟವಾಗದು ಎಂಬ ಲೆಕ್ಕವೇ ಕಾಣುತ್ತದೆ.

ಹೀಗೆ ಚಿಪ್ಪಿಗೆ ಬೇರೆ ಬರೆಯುವುದರಿಂದ ಕದ್ದ ಮಾಲಿಗೆ ದಾರಿಯಾಗುತ್ತದೆ ಎಂಬ ಆತಂಕ ಇರುವವರಿಗೆ: ಬಿಲ್ಲು ಇಲ್ಲದ ಯಂತ್ರವನ್ನು ನಾನು ಮುಟ್ಟುವುದಿಲ್ಲ. ಎಲ್ಲ ರಿಪೇರಿಯವರೂ ಹಾಗೆಯೇ ಮಾಡಲಿ.

ಈಗ ಸರ್ಕಾರದ ಮಾತು. ಕರ್ನಾಟಕ ಸರ್ಕಾರ ಸರ್ಕಾರಿ ಪದವಿ ಕಾಲೇಜು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚಿದೆ, ಮುಂದೆಯೂ ಹಂಚಬಹುದು. ಕೇಂದ್ರದ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕೆಟ್ಟ ಯಂತ್ರವನ್ನು ಯಾರು ಸಂಗ್ರಹಿಸಬೇಕು, ಯಾರು ಕರಗಿಸಬೇಕು ಎಂಬ ಲೆಕ್ಕ ಅದರಲ್ಲಿದೆ, ಬೂಟ್ ಬೀಗದ ಮಾತಿಲ್ಲ. ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ 'ದುರಸ್ತಿಯ ಹಕ್ಕು' ಪೋರ್ಟಲ್ ತೆರೆದದ್ದು ಒಳ್ಳೆಯ ಹೆಜ್ಜೆ. ಆದರೆ ಅಂಗಡಿಯ ವಿಳಾಸ, ಬಿಡಿಭಾಗದ ಬೆಲೆ ತಿಳಿದರೆ ಸಾಲದು. ಯಂತ್ರದ ಮೊದಲ ಪ್ರೋಗ್ರಾಮು ದುರಸ್ತಿಯ ಆಚೆ ಉಳಿದರೆ ಆ ಹಕ್ಕು ಅರ್ಧ.

ಮುಕ್ತ ತಂತ್ರಾಂಶ ಸರ್ಕಾರದಿಂದ ಆಗದ ಮಾತು ಎನ್ನುವವರು ತಲಪಾಡಿ ದಾಟಿ ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗೆ ಹೋಗಿ ನೋಡಲಿ. ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರು ಮಾಡಿ, ಮುಂದೆ ಇಡೀ ಶಾಲಾ ವ್ಯವಸ್ಥೆಯನ್ನು ಲಿನಕ್ಸ್‌ಗೆ ತಂದಿತು. ಕಾಸರಗೋಡಿನ ಕನ್ನಡದ ಮಕ್ಕಳು ಕನ್ನಡದಲ್ಲೇ ಅಚ್ಚಾದ ಐಸಿಟಿ ಪಠ್ಯಪುಸ್ತಕ ಹಿಡಿದು ಅದರ ಮೇಲೆ ಕಲಿಯುತ್ತಾರೆ, ಪರೀಕ್ಷೆ ಬರೆಯುತ್ತಾರೆ. ನಮ್ಮಲ್ಲೂ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಕಾರ್ಯಕರ್ತರು ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರಿನಲ್ಲಿ ಮಕ್ಕಳಿಗೆ ಮುಕ್ತ ತಂತ್ರಾಂಶವನ್ನೇ ಕಲಿಸಿದವರು. ಅಲ್ಲಿ ಆದದ್ದು ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಯಾಕೆ ಆಗಬಾರದು? ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಹುಡುಗಿಯರ ಕೈಗೆ ಒಂದು ಕ್ಲಿಪ್, ಒಂದು ಪಿಕೋ, ಒಂದು ಹಳೆ ಬೋರ್ಡ್ ಕೊಟ್ಟರೆ ಸಾಕು. ಹೊಸ ಕಟ್ಟಡ ಬೇಕಿಲ್ಲ.

ಲ್ಯಾಪ್‌ಟಾಪ್ ಟೆಂಡರಿನಲ್ಲಿ ಪ್ರೊಸೆಸರ್ ಇಂಥದ್ದು, ರ್‍ಯಾಮ್ ಇಷ್ಟು, ವಾರಂಟಿ ಇಷ್ಟು ವರ್ಷ ಎಂದು ಬರೆಯುವ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಬೂಟ್ ಫರ್ಮ್‌ವೇರನ್ನು ಒಡೆಯ ತನ್ನ ಕೈಯಾರೆ ಬದಲಿಸಲು ಯಂತ್ರದೊಳಗೆ ಸ್ಕ್ರೂವೋ ಜಂಪರೋ ಇರಬೇಕು, ಕಂಪನಿಯ ಕೀಲಿಯನ್ನು ಅಳಿಸಲಾಗದಂತೆ ಸುಟ್ಟಿರಬಾರದು ಎಂಬ ಷರತ್ತು ಸೇರಿಸಿ. ಸಾವಿರ ಲೆಕ್ಕದಲ್ಲಿ ಕೊಳ್ಳುವ ಗ್ರಾಹಕ ಕೇಳಿದರೆ ತಯಾರಕರು ಇಲ್ಲ ಎನ್ನುವುದು ಕಷ್ಟ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ರಾಜ್ಯ ಸರ್ಕಾರದ ಸಂಸ್ಥೆಯಾದ ಕಿಯೋನಿಕ್ಸ್ ಮತ್ತು ಉನ್ನತ ಶಿಕ್ಷಣ ಇಲಾಖೆ ಮುಂದಿನ ಖರೀದಿಯ ಕಾಗದ ಸಿದ್ಧಪಡಿಸುವಾಗಲೇ ಈ ಸಾಲು ಅದರಲ್ಲಿ ಇರಲಿ.